ಕಾಯುವ ಕಪಾಟಿನ ಸೂಚೀಕಾರರು

ಸೂಚೀಕಾರರು ಅಡ್ಡಡ್ಡವಾಗಿ ನಡೆಯುತ್ತಿದ್ದರು. ಎದುರಿಗೆ ಎಷ್ಟೇ ಅಗಲವಾದ ರಸ್ತೆಯಿರಲಿ, ನರಪಿಳ್ಳೆಯಿಲ್ಲದ ಬಯಲಿರಲಿ, ಎಡಭುಜವನ್ನು ಮುಂದೆ ಮಾಡಿ, ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಕಾಣದ ಎರಡು ಗೋಡೆಗಳ ನಡುವೆ ನುಸುಳುವವರಂತೆ ಸಾಗುತ್ತಿದ್ದ ಅವರನ್ನು ಮೊದಲ ಸಲ ಕಂಡವರು ಸೊಂಟಕ್ಕೇನೋ ಏಟಾಗಿರಬೇಕೆಂದು ಮರುಗುತ್ತಿದ್ದರು. ಏಟೇನೂ ಆಗಿರಲಿಲ್ಲ. ಪುಸ್ತಕಗಳ ಸೂಚಿ ತಯಾರಿಸುವ, ಗ್ರಂಥಾಲಯದ ನೆಲಮಾಳಿಗೆಯ ತಾಂತ್ರಿಕ ವಿಭಾಗದಲ್ಲಿ ಚೀಟಿ ತುಂಬಿದ ಸೂಚಿಪೆಟ್ಟಿಗೆಗಳ ಸಾಲಿಗೂ ಪುಸ್ತಕದ ಕಪಾಟುಗಳ ಸಾಲಿಗೂ ನಡುವೆ ಒಬ್ಬ ಮನುಷ್ಯ ನೆಟ್ಟಗೆ ಹೋಗುವಷ್ಟು ಜಾಗವಿರಲಿಲ್ಲ. ಪ್ರಾಯದಲ್ಲಿ ಆ ಓಣಿಯೊಳಗೆ ಹೊಕ್ಕವರು ತಲೆ ನರೆಯುವವರೆಗೂ ಅದರಲ್ಲೇ ಓಡಾಡಿದ್ದರಿಂದ ದೇಹವೇ ಓಣಿಯ ಅಳತೆಗೆ ಒಗ್ಗಿಹೋಗಿತ್ತು. ಅವರ ಹೆಂಡತಿ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದ ಚುರುಕು ನಾಲಗೆಯ ಹೆಂಗಸು. "ಇವರಿಗೆ ಅಂಗಿ ಹೊಲಿಯೋದು ಕಷ್ಟ ಕಣ್ರೀ, ಮುಂದು ಯಾವುದು ಪಕ್ಕ ಯಾವುದು ಅಂತ್ಲೇ ಗೊತ್ತಾಗಲ್ಲ" ಎಂದು ಆಕೆ ಗಿರಾಕಿಗಳ ಮುಂದೆಯೇ ಹೇಳುತ್ತಿದ್ದಳು, ಸೂಚೀಕಾರರು ಕೇಳಿಸಿಕೊಂಡು ನಗುತ್ತಿದ್ದರು.

ಆಕೆಯೇ ಹೊಲಿದುಕೊಟ್ಟ ಬೂದು ಬಣ್ಣದ ಕೋಟೊಂದು ಅವರ ಮೈಮೇಲೆ ಸದಾ ಇರುತ್ತಿತ್ತು. ಅದಕ್ಕೆ ಗುಂಡಿಗಳಿಗಿಂತ ಜೇಬುಗಳೇ ಹೆಚ್ಚು. ಮೊಂಡಾದ ಪೆನ್ಸಿಲ್ಲುಗಳಿಗೆ ಒಂದು, ಚೂಪಾದವಕ್ಕೆ ಒಂದು, ತಪ್ಪನ್ನು ಕೆರೆದು ತೆಗೆಯುವ ಬ್ಲೇಡಿಗೆ ಒಂದು, ಭೂತಗನ್ನಡಿಗೆ ಇನ್ನೊಂದು. ಶಾಯಿಯನ್ನು ಅವರು ಮುಟ್ಟುತ್ತಿರಲಿಲ್ಲ. ಶಾಯಿಯಲ್ಲಿ ಬರೆಯುವವನಿಗೆ ಅಹಂಕಾರವಿರುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಹೊಸ ಪುಸ್ತಕವೊಂದು ಕೈಗೆ ಬಂದರೆ, ಅದರ ಮೇಲೆ ಧೂಳಿನ ಕಣವಿಲ್ಲದಿದ್ದರೂ, ಮೃದುವಾಗಿ ಒಮ್ಮೆ ಊದಿ, ಬೆನ್ನಿನ ಮೇಲೆ ಹೆಬ್ಬೆರಳಾಡಿಸಿ, ಆಮೇಲೆ ಬಿಡಿಸುತ್ತಿದ್ದರು. ತೊಟ್ಟಿಲಿನಿಂದ ಕೂಸನ್ನೆತ್ತುವವರ ಕೈಗಳಲ್ಲಿ ಮಾತ್ರ ಅಂಥ ಹಗುರವಿರುತ್ತದೆ.

ಇನ್ನು ಅವರ ಮಾತು. "ಇದನ್ನೂ ನೋಡಿ" ಎಂಬುದಿಲ್ಲದೆ ಅವರ ಬಾಯಿಂದ ವಾಕ್ಯವೊಂದು ಮುಗಿಯುವುದು ಅಪರೂಪವಾಗಿತ್ತು. ಬಸ್ಸು ಎಲ್ಲಿ ಬರುತ್ತದೆಂದು ದಾರಿಹೋಕರು ಕೇಳಿದರೆ, "ಇಲ್ಲಿಗೇ ಬರುತ್ತೆ. ಇದನ್ನೂ ನೋಡಿ, ಹಿಂದಿನ ಬೀದೀಲಿ ಇನ್ನೊಂದು ಬರುತ್ತೆ, ಅದರಲ್ಲಿ ಕೂರೋಕೆ ಜಾಗ ಸಿಗುತ್ತೆ" ಎನ್ನುವರು. ಸಾವಿನ ಮನೆಗೆ ಹೋದರೂ ಎಲ್ಲರಂತೆ ಹೆಣದ ಮುಂದೆ ನಿಟ್ಟುಸಿರಿಡದೆ, ಸತ್ತವರ ಮಗನನ್ನು ಪಕ್ಕಕ್ಕೆ ಕರೆದು, "ಹೋದವರು ಹೋದ್ರಪ್ಪ. ಇದನ್ನೂ ನೋಡು, ನಿಮ್ಮಮ್ಮ ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ" ಎಂದು ಪಿಸುಗುಡುವರು. "ನನ್ನ ನೋಡೋಕೆ ಬಂದ ದಿನ ಇವರ ಬಾಯಿಂದ ಆ ಮಾತು ಬರದೆ ಇದ್ದದ್ದು ನನ್ನ ಪುಣ್ಯ. ಮನೇಲಿ ಇನ್ನಿಬ್ಬರು ತಂಗಿಯರಿದ್ರು" ಎಂದು ಹೆಂಡತಿಯ ಕುಚೋದ್ಯ.

ಈ ಚಾಳಿ ಕಸುಬಿನಿಂದ ಬಂದದ್ದು. ಪುಸ್ತಕಗಳು ಅಂಗಡಿಯಿಂದ ತಾವೇ ನಡೆದು ಬಂದು ಕಪಾಟಿನಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆಂದು ಓದುಗರಾದ ನಾವು ತಿಳಿದಿರುತ್ತೇವೆ. ಹಾಗಲ್ಲ. ಬಂದ ಪುಸ್ತಕವನ್ನು ಯಾರೋ ಬಿಡಿಸಿ, ಇದು ಯಾವುದರ ಬಗ್ಗೆ ಎಂದು ನಿರ್ಧರಿಸಿ, ಬೆನ್ನಿಗೆ ಸಂಖ್ಯೆ ಹಚ್ಚಿ, ಸೂಚಿಯಲ್ಲಿ ಅದರ ಹೆಸರೂ ವಿಷಯವೂ ಸಿಗುವಂತೆ ಮಾಡಬೇಕು. ಪುಸ್ತಕ ಕೂರುವುದು ಒಂದೇ ಜಾಗದಲ್ಲಿ; ಅದನ್ನು ಬಯಸುವವರು ಬರುವುದು ನಾನಾ ದಾರಿಗಳಿಂದ. ಆ ದಾರಿಗಳಲ್ಲೆಲ್ಲ ಒಂದೊಂದು ಕೈಮರ ನೆಡುವುದು ಸೂಚೀಕಾರರ ವ್ಯಸನ. ಒಮ್ಮೆ ಗೋಡೆಗೆ ಬಣ್ಣ ಬಳಿಯುವವನೊಬ್ಬ ಬಂದಿದ್ದ. ತಾನು ಬಳಿದ ಸುಣ್ಣವೆಲ್ಲ ಹಕ್ಕಳೆಯೆದ್ದು ಉದುರುತ್ತಿದೆ, ಮನೆಯೊಡೆಯ ಬೈಯುತ್ತಾನೆ, ಪುಸ್ತಕದಲ್ಲೇನಾದರೂ ಇದೆಯೇ ಎಂದು ಕೇಳಿದ. ಸೂಚಿಯಲ್ಲಿ 'ಗೋಡೆ, ತೇವ' ಎಂಬ ಚೀಟಿಯ ಕೆಳಗೆ ಪೆನ್ಸಿಲ್ಲಿನಲ್ಲಿ 'ಇದನ್ನೂ ನೋಡಿ: ಭಿತ್ತಿಚಿತ್ರಗಳ ರಕ್ಷಣೆ' ಎಂದಿತ್ತು. ಕಲೆಯ ಕಪಾಟಿನ ಮುಂದೆ, ಕೈಯಲ್ಲಿ ಸುಣ್ಣದ ಕಲೆಯಿದ್ದ ಆ ಮನುಷ್ಯ ನಿಂತೇ ಎರಡು ಅಧ್ಯಾಯ ಓದಿ, ಉಪ್ಪು ಒಳಗಿನಿಂದ ಬರುತ್ತಿದೆ ಎಂಬುದನ್ನು ತಿಳಿದುಕೊಂಡು ಹೋದ. ಆ ಚೀಟಿಯನ್ನು ಬರೆದವರು ಯಾರೆಂದು ಅವನು ಕೇಳಲಿಲ್ಲ. ಸೂಚೀಕಾರರು ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದರು, ಮತ್ತು ಆ ವಾರವೆಲ್ಲ ಗೆಲುವಾಗಿದ್ದರು.

ಒಂದು ಕಾಲಕ್ಕೆ ಆ ನೆಲಮಾಳಿಗೆ ಸಂತೆಯಂತೆ ಗಿಜಿಗುಡುತ್ತಿತ್ತು. ನಿವೃತ್ತರಾದವರ ಕುರ್ಚಿಗೆ ಹೊಸಬರು ಬರಲಿಲ್ಲ. ಕುರ್ಚಿಗಳೂ ಒಂದೊಂದಾಗಿ ಮೇಲಿನ ಮಹಡಿಗೆ ಹೋದವು. ಕೊನೆಗೆ ಉಳಿದವರು ಇಬ್ಬರು, ಸೂಚೀಕಾರರು ಮತ್ತು ಹರಿದ ಪುಸ್ತಕಗಳನ್ನು ಹೊಲಿದು ಅಂಟಿಸುವ ಬೈಂಡರಣ್ಣ. ಬೈಂಡರಣ್ಣನಿಗೆ ಯಾವ ಭ್ರಮೆಯೂ ಇರಲಿಲ್ಲ. ಗೋಂದು ಕಲಸುತ್ತ, "ನಾವು ಮಾಡ್ತಿರೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಸ್ವಾಮಿ. ಆದ್ರೂ ಕೈ ಸುಮ್ನಿರಲ್ಲ ನೋಡಿ" ಎನ್ನುತ್ತಿದ್ದ.

ಸೂಚೀಕಾರರಲ್ಲಿ ಒಂದು ದೋಷವಿತ್ತು. ಅದನ್ನು ಮುಚ್ಚಿಟ್ಟು ಅವರ ಚಿತ್ರ ಬರೆದರೆ ಅದು ಚಿತ್ರವಾಗುವುದಿಲ್ಲ, ಶ್ರದ್ಧಾಂಜಲಿಯಾಗುತ್ತದೆ. ಯಾವ ಪುಸ್ತಕವನ್ನೂ ಅವರು ಪೂರ್ತಿ ಅರಿಯದೆ ಮೇಲಕ್ಕೆ ಕಳಿಸುತ್ತಿರಲಿಲ್ಲ. ಸುಲಭದವು ಅಂದಂದೇ ಹೋಗುತ್ತಿದ್ದವು. ಯಾವ ಗುಂಪಿಗೂ ಸೇರಲೊಲ್ಲದೆ ಎರಡು ಮೂರು ವಿಷಯಗಳ ಗಡಿಯಲ್ಲಿ ನಿಲ್ಲುವ ಪುಸ್ತಕಗಳು ಮಾತ್ರ ಅವರ ಮೇಜಿನ ಹಿಂದಿನ ಕಪಾಟಿಗೆ ಸರಿಯುತ್ತಿದ್ದವು. ಬೈಂಡರಣ್ಣ ಅದಕ್ಕೆ 'ಕಾಯುವ ಕಪಾಟು' ಎಂದು ಹೆಸರಿಟ್ಟಿದ್ದ. ಅಲ್ಲಿ ಕೂತ ಪುಸ್ತಕ ಸೂಚಿಯಲ್ಲಿರುವುದಿಲ್ಲ, ಸೂಚಿಯಲ್ಲಿಲ್ಲದ ಪುಸ್ತಕ ಓದುಗರ ಪಾಲಿಗೆ ಹುಟ್ಟಿಯೇ ಇಲ್ಲ. ಇದು ಸೂಚೀಕಾರರಿಗೆ ಗೊತ್ತಿರಲಿಲ್ಲವೆಂದಲ್ಲ. ತಪ್ಪು ಜಾಗಕ್ಕೆ ಕಳಿಸುವುದಕ್ಕಿಂತ ತಡೆದಿಡುವುದು ವಾಸಿ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆಳು ಕಡಿಮೆಯಾದಂತೆ ಆ ಕಪಾಟು ಒಂದಿದ್ದದ್ದು ಎರಡಾಯಿತು, ಆಮೇಲೆ ಒಂದು ಗೋಡೆಯೇ ಆಯಿತು.

ಹೀಗಿರುವಾಗ ಮುಖ್ಯ ಗ್ರಂಥಪಾಲಕಿ ಒಂದು ದಿನ ಕೆಳಗಿಳಿದು ಬಂದರು. ಹಿಂದೊಮ್ಮೆ ಅದೇ ಓಣಿಯಲ್ಲಿ ಸೂಚೀಕಾರರಿಂದ ಕೆಲಸ ಕಲಿತವರು. ಈಗಲೂ ಅವರನ್ನು ಸರ್ ಎಂದೇ ಕರೆಯುತ್ತಿದ್ದರು. ಅವರು ತಂದ ಸುದ್ದಿ ಇಷ್ಟು: ಬರುವ ವರ್ಷದಿಂದ ಪುಸ್ತಕಗಳು ಅವನ್ನು ಒದಗಿಸುವ ಕಂಪನಿಯಿಂದಲೇ ಬೆನ್ನಿಗೆ ಚೀಟಿ ಹಚ್ಚಿಕೊಂಡು ಬರುತ್ತವೆ. ಯಾವುದು ಯಾವ ವಿಷಯವೆಂದು ಯಂತ್ರವೇ ಓದಿ ತೀರ್ಮಾನಿಸುತ್ತದೆ. ಹಳೆಯ ಸೂಚಿ ಕಂಪನಿಯ ಸೂಚಿಯೊಳಗೆ ಕರಗುತ್ತದೆ. ಇಲ್ಲಿಯವರು ಬರೆದ 'ಇದನ್ನೂ ನೋಡಿ'ಗಳಿಗೆ ಅದರಲ್ಲಿ ಜಾಗವಿಲ್ಲ. ನೆಲಮಾಳಿಗೆಗೆ ಸೋಫಾಗಳೂ ಫೋನಿಗೆ ಚಾರ್ಜು ಮಾಡುವ ಗೂಡುಗಳೂ ಬರುತ್ತವೆ.

ಸೂಚೀಕಾರರು ಪೆನ್ಸಿಲ್ಲನ್ನು ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರು.

"ಒಂದು ದಾರಿ ಇದೆ ಸರ್. ಕೊನೇ ತೀರ್ಮಾನಕ್ಕೆ ಮುಂಚೆ ಗ್ರಂಥಾಲಯ ಸಮಿತಿಯವರು ನೋಡೋಕೆ ಬರ್ತಾರೆ. ಅಷ್ಟರೊಳಗೆ ಈ ಕಪಾಟು ಖಾಲಿ ಮಾಡಿ. ಕೆಲಸ ನಡೀತಿದೆ ಅಂತ ಕಣ್ಣಿಗೆ ಕಂಡ್ರೆ ನಾನು ಧೈರ್ಯವಾಗಿ ಮಾತಾಡ್ತೀನಿ. ನಿಮ್ಮ ಒಂದು ಕುರ್ಚಿ, ನಿಮ್ಮ ಚೀಟಿಗಳು, ಎರಡನ್ನೂ ಉಳಿಸಿಕೊಳ್ಳಬಹುದು. ಕಪಾಟು ಹೀಗೇ ಇದ್ರೆ ನನ್ನ ಬಾಯಿ ಕಟ್ಟುತ್ತೆ" ಎಂದರು ಆಕೆ.

ಕೆಟ್ಟವರು ಯಾರಾದರೂ ಸಿಕ್ಕಿದ್ದರೆ ಸೂಚೀಕಾರರಿಗೆ ಎಷ್ಟೋ ಸುಲಭವಾಗುತ್ತಿತ್ತು. ಆಕೆ ಕೆಟ್ಟವರಾಗಿರಲಿಲ್ಲ. ಕೈಲಾದ ಮಟ್ಟಿಗೆ ಸಹಾಯ ಮಾಡಬೇಕೆಂದಿದ್ದರು, ಮತ್ತು ಆಕೆ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಸೂಚೀಕಾರರು ಟೊಂಕ ಕಟ್ಟಿ ನಿಂತರು. ಊಟದ ಡಬ್ಬಿಯನ್ನು ಬಿಚ್ಚುವುದನ್ನೂ ಮರೆತು, ಕಾಯುವ ಕಪಾಟಿನಿಂದ ಒಂದೊಂದೇ ಪುಸ್ತಕವನ್ನು ಇಳಿಸಿ, ಊದಿ, ಬಿಡಿಸಿ, ಮನಸ್ಸು ಒಪ್ಪದಿದ್ದರೂ ಒಂದು ಸಂಖ್ಯೆ ಕೊಟ್ಟು ಕಳಿಸತೊಡಗಿದರು. ಜೇನು ಸಾಕುವ ಕುರುಡನ ಪುಸ್ತಕ ಹೋಯಿತು. ಸೆರೆಮನೆಯ ಅಡುಗೆಯವನ ನೆನಪುಗಳು ಹೋದವು. ಗೋಡೆಯಲ್ಲಿ ಖಾಲಿ ಹಲಗೆಗಳು ಕಾಣತೊಡಗಿದವು. ಬೈಂಡರಣ್ಣ ಕೂಡ ನಂಬಿಕೆ ಬಂದವನಂತೆ, ಯಾರೂ ಕೇಳದಿದ್ದರೂ, ಹಳೆಯ ಸೂಚಿಪೆಟ್ಟಿಗೆಗಳ ಹಿಡಿಗಳಿಗೆ ಎಣ್ಣೆ ಬಿಟ್ಟ.

ಆಗ ಅವರ ಕೈಗೆ ಒಂದು ತೆಳ್ಳನೆಯ ಪುಸ್ತಕ ಬಂತು. ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದವಳು ನಡುವಯಸ್ಸಿಗೆ ಮೊದಲೇ ಕಿವಿ ಕಳೆದುಕೊಂಡು, ಕೆಲಸ ಬಿಡದೆ, ರೋಗಿಯ ಮಂಚದ ಕಬ್ಬಿಣದ ಕಂಬಿಗೆ ಅಂಗೈ ಒತ್ತಿ ಉಸಿರಾಟದ ಏರುಪೇರನ್ನು ತಿಳಿಯುತ್ತಿದ್ದುದನ್ನೂ, ತುಟಿಗಳನ್ನು ಓದಲಾಗದ ಮುಸುಕುಕಟ್ಟಿದ ವೈದ್ಯರ ನಡುವೆ ತಾನು ಒಂಟಿಯಾದುದನ್ನೂ, ಸಾಯುವವರು ಕೊನೆಗೆ ಮಾತಾಡುವುದು ಕೈಗಳಿಂದಲೇ ಎಂಬುದನ್ನೂ ಬರೆದಿದ್ದಳು. ಇದು ಶುಶ್ರೂಷೆಯ ಪುಸ್ತಕವೇ? ಕಿವುಡಿನದೇ? ಆತ್ಮಕಥೆಯೇ? ಒಂದು ಕಡೆ ಇಟ್ಟರೆ ಉಳಿದೆರಡು ಬಾಗಿಲುಗಳಿಂದ ಬರುವವರಿಗೆ ಅದು ಸಿಗದು. ಎಲ್ಲ ಬಾಗಿಲುಗಳಿಗೂ ಕೈಮರ ನೆಡಬೇಕಾದರೆ ಪೂರ್ತಿ ಓದಬೇಕು. ಸೂಚೀಕಾರರು ಓದತೊಡಗಿದರು. ಓದಿದ್ದನ್ನೇ ಮತ್ತೆ ಓದಿದರು. ಒಂದು ಸಂಖ್ಯೆ ಬರೆದು, ಕೆರೆದು, ಇನ್ನೊಂದು ಬರೆದರು.

"ಯಾವುದಾದ್ರೂ ಒಂದು ಕಡೆ ತಳ್ಳಿ ಸ್ವಾಮಿ. ಹಿಂದೆ ಇನ್ನೂ ಅಷ್ಟೊಂದು ಕೂತಿದೆ" ಎಂದ ಬೈಂಡರಣ್ಣ.

"ತಳ್ಳೋಕೆ ಇದೇನು ಕಸವೇನಪ್ಪ" ಎಂದರು ಸೂಚೀಕಾರರು.

ಪುಸ್ತಕ ಅವರೊಂದಿಗೆ ಮನೆಗೂ ಹೋಯಿತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು, "ನೋಡಿ, ಹೊಲಿಗೆ ಮನಸ್ಸಿಗೆ ಬರಲಿಲ್ಲ ಅಂತ ನಾನು ಬಟ್ಟೆ ಕೊಡದೆ ಕೂತ್ರೆ ಗಿರಾಕಿ ಬರೀ ಮೈಯಲ್ಲಿ ಇರಬೇಕಾಗುತ್ತೆ. ಕೊಟ್ಟುಬಿಡಿ. ಸರಿಯಿಲ್ಲ ಅಂದ್ರೆ ಆಮೇಲೆ ಬಿಚ್ಚಿ ಹೊಲಿಯೋಣ" ಎಂದಳು.

"ನಿನ್ನ ಗಿರಾಕಿ ಬಿಗಿಯಾದ್ರೆ ವಾಪಸ್ ತರ್ತಾರೆ. ನನ್ನವರಿಗೆ ಬಟ್ಟೆ ಇತ್ತು ಅಂತ್ಲೇ ಗೊತ್ತಾಗಲ್ಲವಲ್ಲ" ಎಂದರು ಸೂಚೀಕಾರರು. ಹೆಂಡತಿ ಗುಂಡುಸೂಜಿಗಳನ್ನು ಮತ್ತೆ ಬಾಯಲ್ಲಿ ಕಚ್ಚಿಕೊಂಡು ಹೊಲಿಗೆಗೆ ಬಾಗಿದಳು. ಗಂಡನ ಹಟ ಅವಳಿಗೆ ಹೊಸದಲ್ಲ.

ಸಮಿತಿಯವರು ಬಂದ ದಿನವೂ ಕಾಯುವ ಕಪಾಟು ಅರ್ಧ ತುಂಬಿಯೇ ಇತ್ತು. ದಾದಿಯ ಪುಸ್ತಕ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಸಭ್ಯರಾದ ಮೂರ್ನಾಲ್ಕು ಮಂದಿ ಓಣಿಯಲ್ಲಿ ಅಡ್ಡಡ್ಡ ಸರಿಯುತ್ತ ಬಂದು, ಗೋಡೆಯನ್ನು ನೋಡಿ, ತಮ್ಮ ತಮ್ಮಲ್ಲೇ ಏನೋ ಹೇಳಿಕೊಂಡರು. ಆದರೂ ಮುಖ್ಯ ಗ್ರಂಥಪಾಲಕಿ ಕೊಟ್ಟ ಮಾತಿಗೆ ತಪ್ಪಲಿಲ್ಲ. "ತಡ ಆಗಿದೆ ನಿಜ. ಆದ್ರೆ ಈ ಥರದ ಕೆಲಸ ಯಂತ್ರದಿಂದ ಆಗಲ್ಲ. ಒಂದು ಉದಾಹರಣೆ ನೋಡಿ" ಎಂದು ಮೇಜಿನ ಮೇಲಿದ್ದ ಆ ತೆಳ್ಳನೆಯ ಪುಸ್ತಕವನ್ನೇ ಎತ್ತಿ ತೋರಿಸಿ, ಅದು ಏನೆಂದು ವಿವರಿಸಿದರು.

ಸಮಿತಿಯವರಿಗೆ ಟೀ ತಂದಿದ್ದ ಕೌಂಟರಿನಾಕೆ ತಟ್ಟೆ ಹಿಡಿದು ಹಿಂದೆ ನಿಂತಿದ್ದಳು. ಓದುಗರಿಗೆ ಪುಸ್ತಕ ಕೊಡುವ, ಕೇಳಿದವರಿಗೆ ಸೂಚಿಯಲ್ಲಿ ಹುಡುಕಿ ಹೇಳುವ ಕೆಲಸ ಅವಳದು. ಅವಳು ಯಾರಿಗೂ ಕೇಡು ಬಯಸಿದವಳಲ್ಲ. ಆಶ್ಚರ್ಯದಿಂದ ಮಾತು ತಾನಾಗಿ ಹೊರಬಂತು.

"ಈ ಪುಸ್ತಕ ನಮ್ಮಲ್ಲೇ ಇತ್ತಾ? ಒಬ್ಬರು ತಂದೆ ಇದನ್ನ ಕೇಳ್ಕೊಂಡು ಬರ್ತಾನೇ ಇದ್ರು. ಮಗಳು ನರ್ಸಿಂಗ್ ಓದ್ತಿದ್ಲಂತೆ, ಕಿವಿ ಮಂದ ಆಗ್ತಾ ಬಂತಂತೆ. ಕಿವಿ ಕೇಳಿಸದ ನರ್ಸ್ ಒಬ್ಬರು ಏನೋ ಬರ್ದಿದ್ದಾರೆ ಅಂತ ಡಾಕ್ಟ್ರು ಹೇಳಿದ್ರಂತೆ, ಹೆಸರು ಗೊತ್ತಿಲ್ಲ ಅಂದ್ರು. ಕಿವುಡು ಅಂತ ಇರೋ ಚೀಟಿಗಳನ್ನೆಲ್ಲ ತಿರುವಿ ನೋಡಿದೆ. ಬಂದಾಗೆಲ್ಲ ಇಲ್ಲ ಅಂತ್ಲೇ ಕಳಿಸಿದೆ."

"ಈಗಲೂ ಬರ್ತಾರಾ?" ಎಂದು ಕೇಳಿದವರು ಸೂಚೀಕಾರರು.

"ಇಲ್ಲ. ಕೊನೇ ಸಲ ಬಂದಾಗ ಇನ್ನು ಬೇಡ ಬಿಡಮ್ಮ ಅಂದ್ರು. ಹುಡುಗಿ ಕೋರ್ಸ್ ಬಿಟ್ಟು ಮನೇಲಿ ಕೂತಿದ್ದಾಳಂತೆ. ಯಾರ ಹತ್ತಿರವೂ ಮಾತಾಡಲ್ಲವಂತೆ."

ಬೈಂಡರಣ್ಣ ತಲೆ ತಗ್ಗಿಸಿ ಗೋಂದಿನ ಬಟ್ಟಲನ್ನು ತಿರುಗಿಸುತ್ತ, ಯಾರಿಗೂ ಅಲ್ಲವೆಂಬಂತೆ, "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು" ಎಂದ. ಸಮಿತಿಯವರಿಗೆ ಈ ಸಂಗತಿಯ ಆಳ ಅರ್ಥವಾಯಿತೋ ಇಲ್ಲವೋ. ಮುಖ್ಯ ಗ್ರಂಥಪಾಲಕಿ ಸೂಚೀಕಾರರ ಕಡೆ ನೋಡಿದರು, ಅವರು ಏನಾದರೂ ಹೇಳಲಿ, ಸಮರ್ಥಿಸಿಕೊಳ್ಳಲಿ ಎಂದು ಬೇಡುವವರಂತೆ. ಆಳು ಕೊಡದಿದ್ದವರು ನೀವೇ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಸೂಚೀಕಾರರು ಪುಸ್ತಕವನ್ನು ಆಕೆಯ ಕೈಯಿಂದ ತೆಗೆದುಕೊಂಡು ಮುಚ್ಚಿದರು. "ಮುಚ್ಚಿಬಿಡಿ ಮೇಡಂ. ವಿಭಾಗ ಮುಚ್ಚಿಬಿಡಿ. ಇವರು ಬಂದಿರೋದು ಸರಿಯಾಗಿದೆ" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೇ ವಾಸಿಯಿತ್ತೆಂದು ಕೇಳಿಸಿಕೊಂಡವರಿಗೆ ಅನಿಸಿತು.

ವಿಭಾಗ ಮುಚ್ಚಿತು. ಚೀಟಿಗಳು ಮೂಟೆಯಾಗಿ ರದ್ದಿಗೆ ಹೋದವು. ಬೈಂಡರಣ್ಣ ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿಯೊಂದನ್ನು ಸೇರಿಕೊಂಡ. ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿದ್ದ ಸೂಚೀಕಾರರನ್ನು ಮೇಲಿನ ಬಾಗಿಲ ಬಳಿ, ವಾಪಸು ಬಂದ ಪುಸ್ತಕಗಳನ್ನು ಒಪ್ಪಿಕೊಳ್ಳುವ ಮೇಜಿಗೆ ಹಾಕಿದರು. ಕಾಯುವ ಕಪಾಟಿನಲ್ಲಿ ಉಳಿದಿದ್ದವನ್ನೆಲ್ಲ ಯಂತ್ರ ಒಂದು ಮಧ್ಯಾಹ್ನದಲ್ಲಿ ಮುಗಿಸಿತು.

ಆ ಮಧ್ಯಾಹ್ನವೇ ಅವರು ಓದುಗರ ಕಂಪ್ಯೂಟರಿನ ಮುಂದೆ ಕೂತು 'ಕಿವುಡು' ಎಂದು ಒತ್ತಿದರು. ದಾದಿಯ ಪುಸ್ತಕ ಬರಲಿಲ್ಲ. 'ಕಿವಿ' ಎಂದು ಒತ್ತಿದರು, ಬರಲಿಲ್ಲ. ಹೆಸರನ್ನೇ ಒತ್ತಿದಾಗ ಬಂತು: ಶುಶ್ರೂಷೆ, ಕೈಪಿಡಿಗಳು. ಪಟ್ಟಿ ಕಟ್ಟುವುದು, ಸೂಜಿ ಚುಚ್ಚುವುದು, ಹಾಸಿಗೆಯ ಬಟ್ಟೆ ಬದಲಿಸುವುದು ಇವುಗಳ ನಡುವೆ ಅದು ಕೂತಿತ್ತು. ಆ ತಂದೆ ನಾಳೆ ಬಂದು ಕೇಳಿದರೂ, ಪುಸ್ತಕವನ್ನು ಕಂಡಿದ್ದ ಕೌಂಟರಿನಾಕೆ ಆ ಹೊತ್ತಿಗೆ ಅಲ್ಲಿರದಿದ್ದರೆ, ಮತ್ತೆ ಇಲ್ಲವೆಂಬ ಉತ್ತರವೇ ಸಿಗುತ್ತಿತ್ತು.

ಅವರು ಮುಖ್ಯ ಗ್ರಂಥಪಾಲಕಿಯ ಕೋಣೆಗೆ ಹೋದರು. ಒಂದು ಸಾಲು ಸೇರಿಸಿದರೆ ಸಾಕು ಎಂದರು.

"ದಾಖಲೆ ಈಗ ನಮ್ಮದಲ್ಲ ಸರ್, ಕಂಪನೀದು. ತಿದ್ದೋ ಅಧಿಕಾರ ನನಗೂ ಇಲ್ಲ. ಬೇಕಾದ್ರೆ ವಿನಂತಿ ಕಳಿಸೋಣ" ಎಂದರು ಆಕೆ, ಕಣ್ಣೆತ್ತದೆ.

ವಿನಂತಿ ಹೋಯಿತು. ಕಳಿಸಿದ ಗಳಿಗೆಯಲ್ಲೇ ಧನ್ಯವಾದ ಬಂತು. ಅದಕ್ಕಿಂತ ಹೆಚ್ಚಿನದೇನೂ ಬರಲಿಲ್ಲ.

ಆಮೇಲೆ ಸೂಚೀಕಾರರು ತಮ್ಮ ಕಸುಬಿನವರು ಕನಸಿನಲ್ಲೂ ಮಾಡದ ಕೆಲಸವೊಂದನ್ನು ಮಾಡಿದರು. ದಾದಿಯ ಪುಸ್ತಕವನ್ನು ಕೈಪಿಡಿಗಳ ನಡುವಿನಿಂದ ಎತ್ತಿ, ಕಿವಿಯ ಕಾಯಿಲೆಗಳ ಪುಸ್ತಕಗಳಿದ್ದ ಕಪಾಟಿನಲ್ಲಿ, ಯಾರಾದರೂ ಬಂದು ನಿಂತರೆ ಕಣ್ಣಿಗೆ ಬೀಳುವಂತೆ ಇಟ್ಟರು. ಕಪಾಟು ಓರಣ ಮಾಡುವವರು ಬೆನ್ನಿನ ಸಂಖ್ಯೆ ನೋಡಿ ಅದನ್ನು ಮತ್ತೆ ಕೈಪಿಡಿಗಳ ನಡುವೆ ಸೇರಿಸಿದರು. ಸೂಚೀಕಾರರು ಮತ್ತೆ ತಂದಿಟ್ಟರು. ಮತ್ತೆ ಅದು ಹೋಯಿತು. ಯಾರೂ ಯಾರನ್ನೂ ಬೈಯಲಿಲ್ಲ. ಯಾರು ಮಾಡುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೊಮ್ಮೆ ಅದು ಎರಡು ಕಡೆಯೂ ಇರಲಿಲ್ಲ. ಯಾವ ಕಪಾಟಿನಲ್ಲಿ ಸೇರಿಕೊಂಡಿತೋ, ಯಾರ ಚೀಲದಲ್ಲಿ ಹೋಯಿತೋ, ಪತ್ತೆಯಾಗಲಿಲ್ಲ. ಜಾಗ ತಪ್ಪಿದ ಪುಸ್ತಕ ಸತ್ತ ಪುಸ್ತಕ ಎಂದು ಒಂದು ಕಾಲಕ್ಕೆ ಹೊಸಬರಿಗೆಲ್ಲ ಪಾಠ ಹೇಳಿದವರು ಅವರೇ.

ಅಂದಿನಿಂದ ಅವರು ಬಾಗಿಲಿನಿಂದ ಒಳಬರುವ ನಡುವಯಸ್ಸಿನ ಗಂಡಸರ ಮುಖಗಳನ್ನು ನೋಡುತ್ತ ಕೂತಿರುತ್ತಿದ್ದರು. ಆ ತಂದೆಯ ಹೆಸರು ಯಾರಲ್ಲೂ ಇರಲಿಲ್ಲ. ಇಲ್ಲದ ಪುಸ್ತಕವನ್ನು ಕೇಳಿದವರ ಹೆಸರನ್ನು ಯಾವ ಗ್ರಂಥಾಲಯವೂ ಬರೆದಿಡುವುದಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ, "ಎಷ್ಟು ದಿನ ಅಂತ ಹೀಗೆ? ಆ ಹುಡುಗಿ ಇನ್ನೇನೋ ದಾರಿ ಕಂಡ್ಕೊಂಡಿರಬಹುದು" ಎಂದರೆ, "ಇರಬಹುದು" ಎನ್ನುತ್ತಿದ್ದರು. ತುತ್ತು ಮಾತ್ರ ಕೈಯಲ್ಲೇ ಉಳಿಯುತ್ತಿತ್ತು.

ಇಂಥವರ ಸಂತತಿ ಮುಗಿಯುತ್ತ ಬಂದಿದೆ. ಅದಕ್ಕಾಗಿ ಅಳಬೇಕೆಂದು ಹೇಳುವುದೂ ಕಷ್ಟ. ಒಳ್ಳೆಯದನ್ನು ಪರಿಪೂರ್ಣವಾಗಿ ಮಾಡುವ ಹಂಬಲದಲ್ಲಿ ಅದನ್ನು ಮಾಡದೆಯೇ ಉಳಿದವರು ಅವರು. ನಮ್ಮ ನಿಮ್ಮ ಕೈಗೆ ಬರಬೇಕಾದದ್ದನ್ನು ಪ್ರೀತಿಯಿಂದಲೇ ತಡೆದಿಟ್ಟವರು. ಇನ್ನು ಮುಂದೆ ಯಾವುದೂ ತಡವಾಗುವುದಿಲ್ಲ. ಎಲ್ಲವೂ ಬಂದ ದಿನವೇ ಎಲ್ಲೋ ಒಂದು ಕಡೆ ಕೂರುತ್ತದೆ, ಬೇಕಾದವರು ಬಂದು ಕೇಳುತ್ತಾರೆ, ಇಲ್ಲವೆನ್ನಿಸಿಕೊಂಡು ಹೋಗುತ್ತಾರೆ. ಆ ಹುಡುಗಿಯ ವಿಷಯದಲ್ಲಿ ಮನುಷ್ಯನೂ ಸೋತ, ಯಂತ್ರವೂ ಸೋತಿತು. ತಪ್ಪು ಹಿಂದೆಯೂ ಆಗುತ್ತಿತ್ತು, ಇನ್ನೂ ಆಗುತ್ತಿರುತ್ತದೆ. ಅದು ತನ್ನ ತಪ್ಪೆಂದು ಊಟ ಬಿಡುವವರು ಮಾತ್ರ ಇನ್ನಿರುವುದಿಲ್ಲ.